ಗೂಡಿಗೆ ಕಾಯುವ ಪುರುಸೊತ್ತಿಲ್ಲ

ಕೊಳ್ಳೇಗಾಲವೆಂದೊಡನೆ ನೆನಪಾಗುವುದು ಜರಿಯಂಚಿನ ರೇಷ್ಮೆ ಸೀರೆ. ಈಗ ಅದು ಮೊಬೈಲ್ ಪರದೆಯ ಮೇಲೂ ಸಿಗುತ್ತದೆ. ದಲ್ಲಾಳಿಗಳ ಕಾಲ ಮುಗಿಯಿತು, ಇನ್ನು ನೇಕಾರನೇ ವರ್ತಕ ಎಂಬ ಮಾತು ಕೇಳಿಬರುತ್ತಿದೆ. ಇದು ಎಷ್ಟರಮಟ್ಟಿಗೆ ನಿಜ? ಉತ್ತರಕ್ಕೆ ಈ ಸೀಮೆಯ ರೇಷ್ಮೆ ವ್ಯಾಪಾರದ ಹಿನ್ನೆಲೆಯನ್ನು ನೋಡಬೇಕು.

1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಕೊಳ್ಳೇಗಾಲವು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ಹನೂರು ಆಗ ಅದರೊಳಗೇ ಇತ್ತು. ಪಕ್ಕದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು. ಆಡಳಿತ ಎರಡಾದರೂ ಹಿಪ್ಪುನೇರಳೆಗೆ ಗಡಿ ಇರಲಿಲ್ಲ. ರೇಷ್ಮೆಯ ಬೆಲೆಗೂ ಗಡಿ ಇರಲಿಲ್ಲ. 1930ರ ದಶಕದಲ್ಲಿ ಜಪಾನಿನ ಅಗ್ಗದ ರೇಷ್ಮೆ ಬಂದಾಗ ನಮ್ಮ ನೂಲಿನ ಬೆಲೆ ಕುಸಿಯಿತು. ಎರಡನೆಯ ಮಹಾಯುದ್ಧದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕಾದಾಗ ಬೇಡಿಕೆ ಏರಿತು. ಕಣ್ಣಿಗೆ ಕಾಣದ ಪೇಟೆ ಇಲ್ಲಿನ ರೈತನಿಗೆ ಹೊಸದಲ್ಲ.

ಆದರೆ ರೈತನ ಕಷ್ಟವಿರುವುದು ಪೇಟೆಯ ದೂರದಲ್ಲಿ ಅಲ್ಲ, ಕಾಲದಲ್ಲಿ. ಹುಳು ಗೂಡು ಕಟ್ಟಿದ ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬರುತ್ತದೆ. ತೂತಾದ ಗೂಡಿನಿಂದ ಒಂದೇ ಎಳೆಯ ನೂಲು ತೆಗೆಯಲಾಗದು. ಬೆಲೆ ಏರಲೆಂದು ರಾಗಿಯನ್ನು ಕಾದಿರಿಸಬಹುದು, ಹಸಿ ಗೂಡನ್ನು ಇಡಲಾಗದು. ಈ ಅವಸರವನ್ನು ಬಲ್ಲವನೇ ಕಡಿಮೆ ಬೆಲೆ ಕೂಗುತ್ತಿದ್ದ.

ಗೂಡಿನ ವಹಿವಾಟನ್ನು ಸರ್ಕಾರಿ ಮಾರುಕಟ್ಟೆಯ ಬಹಿರಂಗ ಹರಾಜಿಗೆ ತರಲು ಆಧಾರವಾದದ್ದು 1959ರ ರಾಜ್ಯ ಕಾಯಿದೆ. 2010ರ ದಶಕದಲ್ಲಿ ರಾಮನಗರದಂಥ ಮಾರುಕಟ್ಟೆಗಳಿಗೆ ಇ-ಹರಾಜು ಬಂದಿತು. ಬೆಲೆಯ ಗುಟ್ಟು ಬಯಲಾಯಿತು, ತೂಕದ ತಕರಾರು ತಗ್ಗಿತು. ಇದು ಸಣ್ಣ ಲಾಭವಲ್ಲ. ಆದರೂ ಪರದೆಯು ಬೆಲೆಯನ್ನು ತೋರಿಸೀತೇ ಹೊರತು ಪತಂಗವನ್ನು ತಡೆಯಲಾರದು.

ನೇಕಾರನ ಕಥೆಯೂ ಬೇರೆಯಲ್ಲ. ಸೀರೆ ಮಗ್ಗದಿಂದ ಇಳಿಯಲು ಹಲವು ದಿನ ಬೇಕು. ಅಷ್ಟರವರೆಗೆ ನೂಲು, ಜರಿಗೆ ಬಂಡವಾಳ ಹಾಕಬೇಕು. ಯಜಮಾನ ನೇಕಾರನು ಲಾಭ ಹಿಡಿದುಕೊಂಡರೂ ಕಚ್ಚಾಮಾಲು, ಮುಂಗಡ, ಮನೆಯ ಕಷ್ಟಕ್ಕೆ ಕೈಗಡ ಕೊಡುತ್ತಿದ್ದ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್‌ನಂಥ ಮಳಿಗೆಗಳು ಗಿರಾಕಿಯನ್ನು ತೋರಿಸುತ್ತವೆ, ಅದಕ್ಕೆ ಶುಲ್ಕ ಪಡೆಯುತ್ತವೆ. ಹಣ ಬರುವುದು ಸಾಮಾನ್ಯವಾಗಿ ಸರಕು ತಲಪಿದ ಮೇಲೆ. ಬಣ್ಣ ಒಪ್ಪಲಿಲ್ಲವೆಂದು ಸೀರೆ ಮರಳಿದರೆ ಆ ನಷ್ಟದ ಪಾಲು ಮಾರಿದವನಿಗೂ ತಟ್ಟುತ್ತದೆ. ದಲ್ಲಾಳಿ ಹೋಗಲಿಲ್ಲ, ವೇಷ ಬದಲಿಸಿದ, ಮುಂಗಡ ಕೊಡುವುದನ್ನು ಮಾತ್ರ ಬಿಟ್ಟ.

ನಂಬಿಕೆಯ ಪ್ರಶ್ನೆಯೂ ಉಂಟು. ಅಂಗಡಿಯಲ್ಲಾದರೆ ಒಂದೆಳೆ ಸುಟ್ಟು, ಕೂದಲು ಸುಟ್ಟ ವಾಸನೆ ಬಂದರೆ ಅಸಲಿ ರೇಷ್ಮೆ ಎಂದು ತಿಳಿಯಬಹುದು. ಚಿತ್ರವನ್ನು ಸುಟ್ಟು ನೋಡಲಾದೀತೆ? ಅದಕ್ಕೆಂದೇ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಬಂದ ‘ಸಿಲ್ಕ್ ಮಾರ್ಕ್’ ಚೀಟಿಗೆ ಈಗ ಹೆಚ್ಚಿನ ಬೆಲೆ.

ರೇಷ್ಮೆಯ ಇತಿಹಾಸ ಹೇಳುವುದಿಷ್ಟು: ಪೇಟೆಯ ಸ್ವರೂಪ ಯಾವುದೇ ಇರಲಿ, ಕಾಯಬಲ್ಲವನಿಗೇ ಲಾಭ. ಆದ್ದರಿಂದ ಈ ತಾಲ್ಲೂಕುಗಳಲ್ಲಿ ಬಂಡವಾಳ ಹೂಡಬೇಕಾದುದು ಜಾಲತಾಣಗಳ ಮೇಲಷ್ಟೇ ಅಲ್ಲ. ಗೂಡು ಒಣಗಿಸುವ ಘಟಕ, ಕಡಿಮೆ ಬಡ್ಡಿಯ ಸಾಲ, ಸರಿಯಾಗಿ ನಡೆಯುವ ಸಹಕಾರ ಸಂಘಗಳೂ ಬೇಕು. ಇವಿಲ್ಲದೆ ಹೋದರೆ ಅಂಗಡಿ ಅಂಗೈಗೆ ಬಂದರೂ ಅವಸರದಲ್ಲಿ ಮಾರುವ ಕೈ ಹಳೆಯದೇ ಆಗಿರುತ್ತದೆ.