ಅಗ್ರಹಾರವೂ ಆಶ್ರಯದ ಮನೆಯೂ

ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಅದೇ ಪಾಠ ಒಪ್ಪಿಸುತ್ತೇನೆ. ಹೊಯ್ಸಳ ದೊರೆ ಸೋಮೇಶ್ವರನ ಕಾಲ, 1246ನೇ ಇಸವಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು, ಮೂರು ಗರ್ಭಗುಡಿ, ಬೈಚೋಜ ಮಲ್ಲಿತಮ್ಮರ ಕೆತ್ತನೆ. ಊರಿಗೆ ಆಗ ವಿಜಯ ಸೋಮನಾಥಪುರವೆಂಬ ಹೆಸರಿತ್ತು, ಅದು ಅಗ್ರಹಾರವಾಗಿತ್ತು ಎಂದೂ ಸೇರಿಸುತ್ತೇನೆ. ಒಂದು ಸಲ ಏಳನೇ ತರಗತಿಯ ಹುಡುಗಿಯೊಬ್ಬಳು, "ಅಗ್ರಹಾರ ಅಂದ್ರೇನು ಮಿಸ್?" ಎಂದಳು. ವಿದ್ವಾಂಸರಾದ ಬ್ರಾಹ್ಮಣರಿಗೆ ಮನೆ, ಭೂಮಿ ದಾನ ಕೊಟ್ಟು ನೆಲೆ ನಿಲ್ಲಿಸಿದ ಊರು ಎಂದೆ. "ಹಂಗಾದ್ರೆ ನಮ್ಮ ಆಶ್ರಯ ಕಾಲೋನಿ ತರ!"

ಉಳಿದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಆ ಕಾಲೋನಿ ಈಗಿರುವ ಜಾಗದಲ್ಲಿ ಇರುವುದಕ್ಕೆ ನಾನೂ ಒಬ್ಬ ಕಾರಣಳು.

ಬಡವರಿಗೆ ಸೈಟು ಎಂಬ ಮಾತು ನಮ್ಮ ಕಡೆ ಬಲವಾಗಿ ಕೇಳಿಬಂದದ್ದು 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾದ ಮೇಲೆ. ಜನತಾ ಮನೆಗಳನ್ನು ನೀವೂ ನೋಡಿರುತ್ತೀರಿ. 1985ರ ಹೊತ್ತಿಗೆ ಕೇಂದ್ರದ ಇಂದಿರಾ ಆವಾಸ್ ಬಂತು, 1991-92ರಲ್ಲಿ ರಾಜ್ಯ ಸರ್ಕಾರದ ಆಶ್ರಯ ಯೋಜನೆ. ಆಗ ನಾನು ಬಿ.ಎಡ್. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿಕೊಂಡು ತವರಿನಲ್ಲಿ ಕೂತಿದ್ದೆ. ನುಗ್ಗೇಹಳ್ಳಿ ಹೋಬಳಿಯ ಒಂದು ಸಣ್ಣ ಹಳ್ಳಿ ಅದು.

ಊರಿಗೆ ತಾಗಿದಂತೆ, ಕೆರೆ ಏರಿಯ ಪಕ್ಕದ ಗೋಮಾಳದಲ್ಲಿ ಸೈಟು ಕೊಡುತ್ತಾರಂತೆ ಎಂದು ಸುದ್ದಿಯಾಯಿತು. ಸಂಜೆ ರಾಮಮಂದಿರದ ಮುಂದೆ ಜನ ಸೇರಿದರು. ಹೆಂಗಸರು ಗೋಡೆ ಮರೆಯಲ್ಲಿ. ಪುಕ್ಕಟೆ ಮನೆ ಸಿಕ್ಕರೆ ನಾಳೆ ನಾಟಿಗೆ ಯಾರು ಬರುತ್ತಾರೆ ಎಂದರು ಒಬ್ಬರು. ಬೇರೆ ಊರಿನವರನ್ನೂ ತಂದು ತುಂಬುತ್ತಾರೆ ಎಂದರು ಇನ್ನೊಬ್ಬರು. ಸೇದುವ ಬಾವಿ ಹತ್ತಿರವಾಗುತ್ತದೆ ಎಂಬುದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಅದನ್ನು ನಾನು ನಮ್ಮ ಅಡಿಗೆಮನೆಯಲ್ಲಿ ಕೇಳಿಸಿಕೊಂಡೆ. ಅಪ್ಪ ಎದ್ದು ನಿಂತು ಕಾನೂನು ಹೇಳಿದರು: ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಬಿಡಬೇಕು. ಅವರು ಹೇಳಿದ್ದು ಸುಳ್ಳಲ್ಲ, ಕಂದಾಯ ನಿಯಮದಲ್ಲಿ ಹಾಗೇ ಇದೆ. ಮೇವಿನ ಕಷ್ಟವೂ ನಿಜವೇ. ಆದರೆ ಹೆಚ್ಚು ದನ ಇದ್ದವರಿಗೆ ಹೆಚ್ಚು ಹೊಲವೂ ಇತ್ತು, ನಮ್ಮನ್ನೂ ಸೇರಿಸಿ.

ಆಗ ನಮ್ಮ ಮನೆಗೆ ಕಳೆ ಕೀಳಲು ಬರುತ್ತಿದ್ದ ಮುದುಕಿ ಹಿಂದಿನಿಂದ ಕೇಳಿದಳು: "ನೂರು ದನಕ್ಕೆ ಮೂವತ್ತೆಕರೆ ಸರಿ ಬುದ್ದಿ. ನಮ್ಮ ಗುಡಿಸಲಾಗೆ ಹನ್ನೊಂದು ಜನ ಮಲಗ್ತೀವಿ. ಅದಕ್ಕೆಷ್ಟು ಅಂತ ಬರೆದೈತೆ?"

ಯಾರೂ ಉತ್ತರ ಕೊಡಲಿಲ್ಲ. ಮುಂದಿನ ಮಾತಿಗೆ ಹೋದರು.

ಮಾರನೆಯ ದಿನ ತಕರಾರು ಅರ್ಜಿ ತಯಾರಾಯಿತು. ನನ್ನ ಅಕ್ಷರ ಚೆನ್ನಾಗಿದೆ ಎಂದು ಅಪ್ಪ ನನ್ನ ಕೈಯಲ್ಲೇ ಬರೆಸಿದರು. ಹಾಳೆಗೆ ಗೆರೆ ಹಾಕಿಕೊಂಡು ದುಂಡಗೆ ಬರೆದೆ. "ಗ್ರಾಮದ ನೈರ್ಮಲ್ಯಕ್ಕೆ ಧಕ್ಕೆ" ಎಂಬ ಮಾತನ್ನು ಯಾರೂ ಹೇಳಿಕೊಡಲಿಲ್ಲ. ಅದು ನನ್ನದೇ. ಬಿ.ಎ. ಓದಿದ್ದಕ್ಕೆ ಅಷ್ಟಾದರೂ ಭಾಷೆ ಬೇಡವೇ?

ಕಡೆಗೆ ಸೈಟು ಕೊಟ್ಟದ್ದು ಊರಾಚೆ ಒಂದು ಮೈಲಿ ದೂರದ ಬಂಡೆಗಲ್ಲಿನ ಮೇಲೆ. ಹಲವು ವರ್ಷ ಅಲ್ಲಿಗೆ ನೀರಿರಲಿಲ್ಲ. ಕೆಲಸ ಸಿಕ್ಕಿದ ಮೇಲೆ, ತಡವಾಗಿ ಬರುತ್ತಿದ್ದ ಆ ಕಾಲೋನಿಯ ಹುಡುಗಿಯರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಎರಡು ಬಿಂದಿಗೆ ನೀರು ತಂದಿಟ್ಟು ಬರುತ್ತಾರೆಂದು ನನಗೆ ಗೊತ್ತಾಗಲು ಒಂದು ವರ್ಷ ಬೇಕಾಯಿತು.

ಆಮೇಲೆ ಕಾಯಿದೆಗಳು ಬಂದವು. 1993ರ ಪಂಚಾಯತ್ ರಾಜ್ ಕಾಯಿದೆಯಿಂದ ಫಲಾನುಭವಿಗಳ ಪಟ್ಟಿ ಗ್ರಾಮಸಭೆಗೆ ಬಂತು, ಮೂರನೇ ಒಂದು ಪಾಲು ಸ್ಥಾನ ಹೆಂಗಸರಿಗಾಯಿತು. 2010ರಲ್ಲಿ ಅದು ಅರ್ಧಕ್ಕೇರಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಶುರುವಾಯಿತು. ಮನೆಯನ್ನು ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ ಕೊಡುವುದು ರೂಢಿಗೆ ಬಂತು. ಕುಡಿದು ಬಂದು "ಹೋಗೇ ಆಚೆಗೆ" ಎನ್ನುವ ಗಂಡನಿಗೆ ಇದರಿಂದ ಏನಾಯಿತೆಂದು ಆ ಹೆಂಗಸರನ್ನೇ ಕೇಳಬೇಕು. 2017ರ ತಿದ್ದುಪಡಿ ಗೊಲ್ಲರಹಟ್ಟಿ, ತಾಂಡಾಗಳಲ್ಲಿ ವಾಸವಿದ್ದವರಿಗೂ ಮನೆಯಡಿಯ ಜಾಗದ ಹಕ್ಕು ಕೊಟ್ಟಿತು.

ಈಗಲೂ ಹೊಸ ಸೈಟಿನ ಮಾತು ಬಂದರೆ ಗ್ರಾಮಸಭೆಯಲ್ಲಿ ಅದೇ ಗಲಾಟೆ. ಪುಕ್ಕಟೆ ಎಂಬ ಪದ ಇನ್ನೂ ಸವೆದಿಲ್ಲ. ವಿಜಯ ಸೋಮನಾಥಪುರದಲ್ಲಿ ಪಡೆದವರನ್ನು ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿಯದು ದಾನ, ಪುಣ್ಯ.

ದೇವಸ್ಥಾನಕ್ಕೆ ಹೋಗಿ ಬಂದ ಮರುವಾರ ಆ ಹುಡುಗಿ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಅಜ್ಜಿಯ ಹೆಸರಿನಲ್ಲಿದ್ದ ಖಾತೆಯನ್ನು ಬದಲಾಯಿಸಿಕೊಳ್ಳಬೇಕಂತೆ, ಹಕ್ಕುಪತ್ರ ಓದಿ ಹೇಳಬೇಕಂತೆ. ಪ್ಲಾಸ್ಟಿಕ್ ಕವರಿನಿಂದ ತೆಗೆದ ಕಾಗದ ಮಡಿಕೆಯಲ್ಲಿ ಹರಿದಿತ್ತು. ಹೆಸರು ನೋಡಿದೆ. ಕಳೆ ಕೀಳಲು ಬರುತ್ತಿದ್ದ ಆ ಮುದುಕಿಯದೇ. ನನ್ನ ಅರ್ಜಿಯ ವಿಷಯ ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಚಕ್ಕುಬಂದಿ ಓದಿದೆ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬಂಡೆ, ಉತ್ತರಕ್ಕೆ ಬಂಡೆ, ದಕ್ಷಿಣಕ್ಕೆ ಪಕ್ಕದ ಸೈಟು.

"ಇನ್ನೊಂದ್ಸಲ ಓದಿ ಮಿಸ್" ಎಂದಳು ಹುಡುಗಿ.