ವಿ.ಪಿ.ಯಿಂದ ಒಟಿಪಿಯವರೆಗೆ

ಕಣ್ಣಿಗೆ ಕಾಣದ ಅಂಗಡಿಯಿಂದ, ಗುರುತು ಪರಿಚಯವಿಲ್ಲದ ವ್ಯಾಪಾರಿಯಿಂದ ಸಾಮಾನು ತರಿಸಿಕೊಳ್ಳುವುದು ಇಂಟರ್‌ನೆಟ್ ಯುಗದ ಹೊಸ ರೂಢಿ ಎಂದು ನಾವು ಭಾವಿಸುತ್ತೇವೆ. ಆದರೆ ನಮ್ಮ ದೇಶದಲ್ಲಿ ಇಂತಹ ವ್ಯಾಪಾರಕ್ಕೆ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ.

ದೂರದ ವ್ಯಾಪಾರದ ತೊಡಕು ಅಂದೂ ಇಂದೂ ಒಂದೇ. ಕೊಳ್ಳುವವನು ಮೊದಲು ಹಣ ಕಳುಹಿಸಿದರೆ ಸಾಮಾನು ಬಾರದೆ ಹೋಗಬಹುದು. ಮಾರುವವನು ಮೊದಲು ಸಾಮಾನು ಕಳುಹಿಸಿದರೆ ಹಣ ಮುಳುಗಬಹುದು. ಇಬ್ಬರೂ ನಂಬುವ ಮೂರನೆಯವನೊಬ್ಬ ನಡುವೆ ನಿಂತರೆ ವ್ಯವಹಾರ ಕುದುರುತ್ತದೆ.

ಬ್ರಿಟಿಷ್ ಭಾರತದಲ್ಲಿ 1877ರಲ್ಲಿ ಈ ಮೂರನೆಯವನ ಪಾತ್ರವನ್ನು ವಹಿಸಿದ್ದು ಅಂಚೆ ಇಲಾಖೆ. ಆ ವರ್ಷ ಆರಂಭವಾದ 'ವ್ಯಾಲ್ಯೂ ಪೇಯಬಲ್ ಪೋಸ್ಟ್' ಜನರ ಬಾಯಲ್ಲಿ ಬರಿಯ 'ವಿ.ಪಿ.' ಆಯಿತು. ಅಂಚೆಯವನು ಕಟ್ಟನ್ನು ಮನೆಬಾಗಿಲಿಗೆ ತಂದು, ಬೆಲೆ ವಸೂಲು ಮಾಡಿ, ಕಟ್ಟನ್ನು ಕೈಗಿಡುತ್ತಿದ್ದ. ಹಣ ಅಂಚೆ ಕಚೇರಿಯ ಮೂಲಕ ವ್ಯಾಪಾರಿಗೆ ಸೇರುತ್ತಿತ್ತು. 1880ರಲ್ಲಿ ಮನಿಯಾರ್ಡರ್ ಕೆಲಸವೂ ಅಂಚೆ ಇಲಾಖೆಗೆ ಬಂದ ಮೇಲೆ ಇದು ಇನ್ನಷ್ಟು ಸುಲಭವಾಯಿತು. ಪುಸ್ತಕ, ಔಷಧಿ, ಗಡಿಯಾರಗಳನ್ನು ಹಳ್ಳಿಯವರೂ ವಿ.ಪಿ. ಬಿಡಿಸಿಕೊಂಡು ಪಡೆಯತೊಡಗಿದರು.

ಆದರೆ ಹಣ ತೆತ್ತ ಮೇಲಷ್ಟೇ ಕಟ್ಟು ಬಿಚ್ಚಬೇಕಿತ್ತು. ಒಳಗೆ ರದ್ದಿ ಕಾಗದವಿದ್ದರೆ ಗತಿಯೇನು? 1898ರ ಅಂಚೆ ಕಚೇರಿ ಕಾಯ್ದೆ ಇದನ್ನು ಮರೆಯಲಿಲ್ಲ. ಮೋಸ ನಡೆದಿದ್ದರೆ ವಸೂಲಾದ ಹಣವನ್ನು ತಡೆಹಿಡಿದು ಕೊಂಡವನಿಗೆ ಹಿಂದಿರುಗಿಸಲು ನಿಯಮ ರಚಿಸುವ ಅಧಿಕಾರವನ್ನು ಅದರ 35ನೇ ಕಲಮು ಸರ್ಕಾರಕ್ಕೆ ನೀಡಿತು.

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್‌ಗೆ ಎದುರಾದದ್ದೂ ಇದೇ ಅಪನಂಬಿಕೆ. ಕಾರ್ಡ್ ಇದ್ದವರು ಕಡಿಮೆ. ಇದ್ದವರಿಗೂ ಅದರ ಸಂಖ್ಯೆ ಕೊಡಲು ಅಂಜಿಕೆ. 2010ರಲ್ಲಿ ಅದು 'ಕ್ಯಾಷ್ ಆನ್ ಡೆಲಿವರಿ' ಜಾರಿಗೆ ತಂದಿತು. ಹಳೆಯ ವಿ.ಪಿ. ಹೊಸ ಹೆಸರಿನಲ್ಲಿ ಮರಳಿತು.

ನಗದು ಕೊಡದೆ ಕೊಂಡಾಗ ಆಗುವುದೇನು? ನಾವು ಗುಂಡಿ ಒತ್ತಿದೊಡನೆ ಕೋರಿಕೆ ನಮ್ಮ ಬ್ಯಾಂಕಿಗೆ ಹೋಗುತ್ತದೆ. ಕೊಳ್ಳುತ್ತಿರುವುದು ನಾವೇ ಎಂದು ಬ್ಯಾಂಕು ಖಚಿತಪಡಿಸಿಕೊಳ್ಳಬೇಕು. ಮೊಬೈಲಿಗೆ ಬರುವ ಒಟಿಪಿಯ ಕೆಲಸ ಅದು. ಆನ್‌ಲೈನ್ ಕಾರ್ಡ್ ಪಾವತಿಗೆ ಇಂತಹ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯಗೊಳಿಸಿತು. ಅಂಗಡಿಗಳ ಪರವಾಗಿ ಹಣ ಸಂಗ್ರಹಿಸುವ ಬ್ಯಾಂಕೇತರ ಕಂಪನಿಗಳು ಅದನ್ನು ಬ್ಯಾಂಕಿನ ಎಸ್ಕ್ರೋ ಖಾತೆಯಲ್ಲಿ ಪ್ರತ್ಯೇಕವಾಗಿಡಬೇಕೆಂದು 2020ರಲ್ಲಿ ವಿಧಿಸಿತು. ಅಂಚೆ ಕಚೇರಿಯ ಗಲ್ಲಾಪೆಟ್ಟಿಗೆಯ ಕೆಲಸವನ್ನು ಈಗ ಈ ಖಾತೆ ಮಾಡುತ್ತಿದೆ.

ಅದೇ 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಇನ್ನೊಂದು ಹೆಜ್ಜೆ ಮುಂದೆ ಹೋದವು. ದೋಷಯುಕ್ತ, ನಕಲಿ ಅಥವಾ ಜಾಹೀರಾತಿಗೆ ಹೊಂದದ ಸಾಮಾನನ್ನು ಹಿಂಪಡೆಯಲು, ಹಣ ಮರಳಿಸಲು ಮಾರುವವನು ನಿರಾಕರಿಸುವಂತಿಲ್ಲ. 1898ರ ಕಾಯ್ದೆಯಲ್ಲಿ ಮೋಸಕ್ಕಷ್ಟೇ ಸೀಮಿತವಾಗಿದ್ದ ರಕ್ಷಣೆ ಇಲ್ಲಿ ಹಿಗ್ಗಿದೆ.

ಆದರೆ ಅಂದಿನ ಮಧ್ಯಸ್ಥ ಖಾಕಿ ತೊಟ್ಟು ಬಾಗಿಲಲ್ಲಿ ನಿಲ್ಲುತ್ತಿದ್ದ, ಇಂದಿನವನು ಕಾಣುವುದಿಲ್ಲ. ಅವನ ಹೆಸರಿನಲ್ಲಿ ಬೇರೆ ಯಾರೋ ಫೋನ್ ಮಾಡಿ ಒಟಿಪಿ ಕೇಳಲು ಇದೇ ಅನುಕೂಲ. ಬರಬೇಕಾದ ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಅದು ಹಣ ಕೊಡುವಾಗ ಬೇಕು. ಅಪರಿಚಿತ ವ್ಯಾಪಾರಿಯ ಸ್ವಂತ ಖಾತೆಗೆ ನೇರವಾಗಿ ಹಣ ಹಾಕಿದರೆ ನಡುವೆ ಯಾರೂ ಇರುವುದಿಲ್ಲ. ಆಗ ನಾವು 1877ಕ್ಕೂ ಹಿಂದಕ್ಕೆ ಹೋದಂತೆಯೇ ಸರಿ.