ಹತ್ತು ಬೆರಳು, 1024 ಗೂಡು

ಒಂದು ಭೂತಗನ್ನಡಿ ಹಿಡಿದು ನಿಮ್ಮ ಬೆರಳ ತುದಿಯನ್ನು ನೋಡಿ. ಉತ್ತ ಹೊಲದ ಸಾಲುಗಳಂತೆ ಸಣ್ಣ ಏಣುಗಳು ಕಾಣುತ್ತವೆ. ತಾಯಿಯ ಗರ್ಭದಲ್ಲಿ ಸುಮಾರು ಮೂರನೆಯ ತಿಂಗಳಿನಲ್ಲಿ ಮೂಡಲಾರಂಭಿಸುವ ಈ ಏಣುಗಳ ವಿನ್ಯಾಸ ಜೀವನವಿಡೀ ಬದಲಾಗುವುದಿಲ್ಲ. ನೋಡಲು ಒಂದೇ ರೀತಿ ಇರುವ ಅವಳಿಗಳಲ್ಲೂ ಅದು ಬೇರೆ ಬೇರೆ. ಏಣುಗಳ ಮೇಲಿನ ರಂಧ್ರಗಳಿಂದ ಒಸರುವ ಬೆವರು, ಮುಖ ಮತ್ತು ಕೂದಲಿನಿಂದ ಅಂಟಿದ ಜಿಡ್ಡು ಸೇರಿ, ನಾವು ಮುಟ್ಟಿದ ನಯವಾದ ವಸ್ತುಗಳ ಮೇಲೆ ಅಚ್ಚಾಗಿ ಉಳಿಯುತ್ತವೆ.

ಇಷ್ಟು ತಿಳಿದರೆ ಅಪರಾಧಿಯನ್ನು ಗುರುತಿಸಬಹುದೆ? ಸಾಲದು. ಪೊಲೀಸ್ ಕಚೇರಿಯಲ್ಲಿ 50,000 ಜನರ ಬೆರಳಚ್ಚಿನ ಹಾಳೆಗಳಿವೆ ಎಂದು ಭಾವಿಸಿ. ಸಿಕ್ಕಿಬಿದ್ದ ಕಳ್ಳನೊಬ್ಬ ಸುಳ್ಳು ಹೆಸರು ಹೇಳುತ್ತಿದ್ದಾನೆ. ಅವನ ಹಳೆಯ ಹಾಳೆಯನ್ನು ಹುಡುಕುವುದು ಹೇಗೆ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಮ್ಮ ದೇಶದಲ್ಲೇ, ಕೋಲ್ಕತ್ತದಲ್ಲಿ.

ಕರಾರುಪತ್ರದಿಂದ ಆರಂಭ

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆಗೆ ಸಾಮಗ್ರಿ ಒದಗಿಸುವ ಗುತ್ತಿಗೆದಾರನಿಂದ ಕರಾರುಪತ್ರದ ಮೇಲೆ ಅಂಗೈಯ ಅಚ್ಚು ಹಾಕಿಸಿಕೊಂಡ. ಗುತ್ತಿಗೆದಾರ ಮುಂದೆ ಮಾತಿಗೆ ತಪ್ಪದಿರಲಿ ಎಂಬುದಷ್ಟೇ ಉದ್ದೇಶ. ಬಳಿಕ ಹಲವು ವರ್ಷ ಅಚ್ಚುಗಳನ್ನು ಸಂಗ್ರಹಿಸುತ್ತಾ ಹೋದಾಗ, ಅವು ಬದಲಾಗುವುದಿಲ್ಲವೆಂದು ಅವನಿಗೆ ಮನವರಿಕೆಯಾಯಿತು. 1880ರಲ್ಲಿ ಟೋಕಿಯೋದಲ್ಲಿದ್ದ ಸ್ಕಾಟ್ಲೆಂಡಿನ ವೈದ್ಯ ಹೆನ್ರಿ ಫಾಲ್ಡ್ಸ್, ಅಪರಾಧಿಗಳ ಪತ್ತೆಗೆ ಬೆರಳಚ್ಚನ್ನು ಬಳಸಬಹುದೆಂದು 'ನೇಚರ್' ಪತ್ರಿಕೆಗೆ ಬರೆದ. 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತನ್ನ ಪುಸ್ತಕದಲ್ಲಿ ಬೆರಳಚ್ಚುಗಳನ್ನು ಕಮಾನು, ಕುಣಿಕೆ, ಸುರುಳಿ ಎಂದು ಮೂರು ಬಗೆಯಾಗಿ ವಿಂಗಡಿಸಿದ. ಆದರೆ ಮೂರೇ ಬಗೆಗಳಿಂದ ಸಾವಿರಾರು ಹಾಳೆಗಳನ್ನು ಜೋಡಿಸಲಾಗದು.

ಬೆರಳುಗಳ ಗಣಿತ

ಆಗ ಬಂಗಾಳದ ಪೊಲೀಸ್ ಮುಖ್ಯಸ್ಥನಾಗಿದ್ದವನು ಎಡ್ವರ್ಡ್ ಹೆನ್ರಿ. ಅವನ ಕೈಕೆಳಗೆ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್‌ಸ್ಪೆಕ್ಟರುಗಳಿದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ ಹಕ್ ಗಣಿತದಲ್ಲಿ ನಿಪುಣರು. ಕೋಲ್ಕತ್ತದಲ್ಲಿ ರೂಪುಗೊಂಡ ಪದ್ಧತಿ ಎಷ್ಟು ಸರಳವೆಂದರೆ ನೀವೇ ಮಾಡಿ ನೋಡಬಹುದು.

ಬಲಗೈ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ 1ರಿಂದ 5, ಎಡಗೈ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ 6ರಿಂದ 10 ಎಂದು ಸಂಖ್ಯೆ ಕೊಡಿ. ಪ್ರತಿ ಬೆರಳಿಗೂ ಒಂದೇ ಪ್ರಶ್ನೆ: ಅಲ್ಲಿ ಸುರುಳಿ ಇದೆಯೆ, ಇಲ್ಲವೆ? ಸುರುಳಿ ಇದ್ದರೆ 1 ಮತ್ತು 2ನೆಯ ಬೆರಳಿಗೆ 16, 3 ಮತ್ತು 4ಕ್ಕೆ 8, 5 ಮತ್ತು 6ಕ್ಕೆ 4, 7 ಮತ್ತು 8ಕ್ಕೆ 2, 9 ಮತ್ತು 10ಕ್ಕೆ 1 ಅಂಕ. ಇಲ್ಲದಿದ್ದರೆ ಸೊನ್ನೆ. ಸಮಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಸೇರಿಸಿದರೆ ಅಂಶ, ಬೆಸಸಂಖ್ಯೆಯ ಬೆರಳುಗಳ ಮೊತ್ತಕ್ಕೆ 1 ಸೇರಿಸಿದರೆ ಛೇದ.

ಒಬ್ಬರಿಗೆ ಬಲಗೈ ಹೆಬ್ಬೆರಳು, ಬಲಗೈ ತೋರುಬೆರಳು ಮತ್ತು ಎಡಗೈ ಉಂಗುರಬೆರಳಿನಲ್ಲಿ ಮಾತ್ರ ಸುರುಳಿ ಇದೆ ಎನ್ನೋಣ. ಅಂಶ 16+1=17; ಛೇದ 16+1+1=18. ಅವರ ಹಾಳೆ 17/18ರ ಗೂಡಿಗೆ ಹೋಗುತ್ತದೆ. ಸುರುಳಿಯೇ ಇಲ್ಲದವರದು 1/1, ಹತ್ತರಲ್ಲೂ ಇದ್ದವರದು 32/32. ಒಟ್ಟು ಗೂಡುಗಳು 32×32, ಅಂದರೆ 1024. ಇದು 2ರ ಹತ್ತನೆಯ ಘಾತವೆಂಬುದನ್ನು ಗಮನಿಸಿ. ಹತ್ತು ಬೆರಳುಗಳಿಗೆ 'ಹೌದು', 'ಇಲ್ಲ' ಎಂಬ ಎರಡೇ ಉತ್ತರ. ಕೆಲವು ಗೂಡುಗಳಲ್ಲಿ, ಅದರಲ್ಲೂ 1/1ರಲ್ಲಿ, ಹಾಳೆಗಳ ರಾಶಿಯೇ ಸೇರುವುದರಿಂದ ಮುಂದೆ ಉಪವಿಭಾಗಗಳೂ ಬೇಕಾದವು.

1897ರಲ್ಲಿ ಸರ್ವೇಯರ್ ಜನರಲ್ ಸ್ಟ್ರಾಹನ್ ಮತ್ತು ರಸಾಯನವಿಜ್ಞಾನಿ ಪೆಡ್ಲರ್ ಅವರಿದ್ದ ಸಮಿತಿ ಈ ಪದ್ಧತಿಯನ್ನು ಪರೀಕ್ಷಿಸಿ ಒಪ್ಪಿಕೊಂಡಿತು. ಅದುವರೆಗೆ ಕೈದಿಗಳ ತಲೆ, ತೋಳು, ಪಾದಗಳನ್ನು ಅಳೆದು ಗುರುತಿಸುತ್ತಿದ್ದ ಫ್ರಾನ್ಸಿನ ಬರ್ಟಿಯಾನ್ ಪದ್ಧತಿ ಹಿಂದೆ ಸರಿಯಿತು. ಜಗತ್ತಿನ ಮೊದಲ ಬೆರಳಚ್ಚು ಕಚೇರಿ ಕೋಲ್ಕತ್ತದಲ್ಲಿ ಕೆಲಸ ಆರಂಭಿಸಿತು.

ಪಂಚಾಂಗದ ಮೇಲಿನ ಕಲೆ

ಅದೇ ವರ್ಷ ಜಲ್ಪಾಯ್‌ಗುಡಿಯ ಚಹಾ ತೋಟದ ಮ್ಯಾನೇಜರ್ ಒಬ್ಬ ಕೊಲೆಯಾದ. ಅವನ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ಮೇಲೆ ಕಂದು ಕಲೆಗಳಿದ್ದವು. ಅವುಗಳಲ್ಲೊಂದು, ಹಿಂದೆ ಕಳ್ಳತನಕ್ಕಾಗಿ ಜೈಲು ಸೇರಿದ್ದ ಅವನ ಹಳೆಯ ಸೇವಕನ ಬಲ ಹೆಬ್ಬೆರಳಿನ ಗುರುತಿಗೆ ಸರಿಹೊಂದಿತು. ಕಲೆ ಸಸ್ತನಿಯೊಂದರ ರಕ್ತದ್ದೆಂದು ರಾಸಾಯನಿಕ ಪರೀಕ್ಷಕ ವರದಿ ಕೊಟ್ಟ. ಮನುಷ್ಯನ ರಕ್ತವನ್ನು ಬೇರೆ ಪ್ರಾಣಿಗಳ ರಕ್ತದಿಂದ ಪ್ರತ್ಯೇಕಿಸುವ ಪರೀಕ್ಷೆಯನ್ನು ಜರ್ಮನಿಯ ಪೌಲ್ ಊಲೆನ್‌ಹೂತ್ ಕಂಡುಹಿಡಿದದ್ದು 1901ರಲ್ಲಿ.

ನ್ಯಾಯಾಲಯ 1898ರಲ್ಲಿ ಕೊಟ್ಟ ತೀರ್ಪು ಪ್ರತಿ ವಿದ್ಯಾರ್ಥಿಯೂ ನೆನಪಿಡಬೇಕಾದದ್ದು. ಸೇವಕನಿಗೆ ಕಳ್ಳತನಕ್ಕಾಗಿ ಶಿಕ್ಷೆಯಾಯಿತು. ಕೊಲೆಯ ಆರೋಪದಿಂದ ಅವನು ಬಿಡುಗಡೆಯಾದ. ಅವನು ಪಂಚಾಂಗವನ್ನು ಮುಟ್ಟಿದ್ದನೆಂದು ಬೆರಳಚ್ಚು ಹೇಳಿತು. ಕತ್ತಿ ಹಿಡಿದವನು ಯಾರೆಂದು ಅದು ಹೇಳಲಿಲ್ಲ. ಸಾಕ್ಷ್ಯ ಏನನ್ನು ತೋರಿಸುತ್ತದೆ, ಅದರಿಂದ ನಾವು ಏನನ್ನು ಊಹಿಸುತ್ತೇವೆ ಎಂಬ ಈ ವ್ಯತ್ಯಾಸವೇ ವಿಧಿವಿಜ್ಞಾನದ ಮೊದಲ ಪಾಠ.

ಹೋಲಿಸುವವರೂ ತಪ್ಪಬಹುದು. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಅಮೆರಿಕದ ಎಫ್‌ಬಿಐ ತಜ್ಞರು ಒಂದು ಗುರುತನ್ನು ಏನೂ ಅರಿಯದ ವಕೀಲರೊಬ್ಬರದೆಂದು ದೃಢಪಡಿಸಿದರು. ಅವರು ಬಂಧನದಲ್ಲಿದ್ದಾಗ, ಗುರುತು ಬೇರೊಬ್ಬನದೆಂದು ಸ್ಪೇನಿನ ಪೊಲೀಸರು ತೋರಿಸಿಕೊಟ್ಟರು.

ಹೆಸರು ಯಾರದು?

1901ರಲ್ಲಿ ಹೆನ್ರಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಹೋದ. ಅಲ್ಲಿಂದ ಈ ಪದ್ಧತಿ 'ಹೆನ್ರಿ ಪದ್ಧತಿ' ಎಂಬ ಹೆಸರಿನಲ್ಲೇ ಹಲವು ದೇಶಗಳಿಗೆ ಹರಡಿತು. ಹಕ್ ಅವರಿಗೆ ಖಾನ್ ಬಹದ್ದೂರ್, ಬೆರಳಚ್ಚನ್ನು ತಂತಿಯ ಮೂಲಕ ತಿಳಿಸುವ ಸಂಕೇತ ರೂಪಿಸಿದ ಬೋಸ್ ಅವರಿಗೆ ರಾಯ್ ಬಹದ್ದೂರ್ ಬಿರುದು ಬಂತು. ಪದ್ಧತಿಯನ್ನು ಪೂರ್ಣಗೊಳಿಸುವಲ್ಲಿ ತನ್ನ ಸಿಬ್ಬಂದಿಯಲ್ಲಿ ಬೇರಾರಿಗಿಂತಲೂ ಹೆಚ್ಚಿನ ಪಾಲು ಹಕ್ ಅವರದೆಂದು ಹೆನ್ರಿ ಒಪ್ಪಿಕೊಂಡದ್ದು 1926ರ ಪತ್ರವೊಂದರಲ್ಲಿ. ಹೆಸರು ಮಾತ್ರ ಬದಲಾಗಲಿಲ್ಲ.

ಇಂದು ಗೂಡುಗಳಿಲ್ಲ. ಏಣುಗಳು ಎಲ್ಲಿ ಕೊನೆಗೊಳ್ಳುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಕಂಪ್ಯೂಟರ್ ಗುರುತಿಸಿ ಹೋಲಿಸುತ್ತದೆ. ಆದರೂ ಒಮ್ಮೆ ತರಗತಿಯಲ್ಲಿ ಸ್ಟಾಂಪ್ ಪ್ಯಾಡ್ ಇಟ್ಟುಕೊಂಡು ಪ್ರತಿಯೊಬ್ಬರ ಭಿನ್ನರಾಶಿಯನ್ನೂ ಬರೆಯಿರಿ. ಒಂದೇ ಗೂಡಿಗೆ ಸೇರುವ ಗೆಳೆಯರು ನಿಮಗೆ ಸಿಗಬಹುದು. ಆಗ ಭೂತಗನ್ನಡಿ ಹಿಡಿದು, ನಿಮ್ಮಿಬ್ಬರ ಏಣುಗಳು ಎಲ್ಲಿ ಬೇರೆಯಾಗುತ್ತವೆಂದು ಹುಡುಕಿ.